ಊಟದ ಮೇಜಿನ ಮೇಲಿನ ಅರಮನೆ

ನಮ್ಮ ಮನೆಯ ಊಟದ ಮೇಜಿನ ಅರ್ಧ ಭಾಗದಲ್ಲಿ ನಾವು ಊಟ ಮಾಡುತ್ತಿದ್ದೆವು, ಉಳಿದರ್ಧದಲ್ಲಿ ಮೈಸೂರು ಅರಮನೆಯಿತ್ತು. ಹಳೆಯ ಹತ್ತಿ ದುಪಟ್ಟಾ ಹೊದ್ದು, ಧೂಳಿಗೂ ಸಾರಿನ ಹನಿಗೂ ಹೆದರಿ ಮುದುಡಿ ಕೂತಿದ್ದ ಆ ಅರಮನೆಯನ್ನು ಕಟ್ಟಿದವಳು ನಾನು. ಕಟ್ಟಿದವಳು ಎಂದರೆ ಸುಳ್ಳಾದೀತು, ಕಟ್ಟುತ್ತಲೇ ಇದ್ದವಳು. ಮದ್ದು ಕೆರೆದು ತೆಗೆದ ಬೆಂಕಿಕಡ್ಡಿಗಳನ್ನೂ ಐಸ್‌ಕ್ರೀಮ್ ಕಡ್ಡಿಗಳನ್ನೂ ಒಂದರ ಪಕ್ಕ ಒಂದು ಅಂಟಿಸುತ್ತ ಮಗಳು ಶಾಲೆಗೆ ಹೋಗುತ್ತಿದ್ದಾಗ ತೊಡಗಿದ ಕೆಲಸವದು. ಈಗ ಮಗಳು ಆಫೀಸಿಗೆ ಹೋಗುತ್ತಾಳೆ. "ಅರಮನೆ ಕಟ್ಟಿಸಿದ ಮಹಾರಾಜರೂ ಇಷ್ಟು ನಿಧಾನ ಮಾಡಿರಲಾರರು ಕಣೇ" ಎಂದು ನಮ್ಮವರು ಅನ್ನಕ್ಕೆ ಮೊಸರು ಹಾಕಿಕೊಳ್ಳುವಾಗಲೆಲ್ಲ ಹೇಳುವುದು ರೂಢಿಯಾಗಿ, ಆ ಮಾತು ಉಪ್ಪಿನಕಾಯಿಯಷ್ಟೇ ಊಟದ ಭಾಗವಾಗಿಬಿಟ್ಟಿತ್ತು.

ಈ ಉಸಾಬರಿಗೆ ಯಾಕೆ ಕೈಹಾಕಿದೆ ಎಂದು ನೀವು ಕೇಳಬಹುದು. ನಾನು ಮೈಸೂರಿನ ಮಗಳು, ಮದುವೆಯಾಗಿ ಚೆನ್ನೈಗೆ ಬಂದವಳು. ನವರಾತ್ರಿಯಲ್ಲಿ ನಾವು ಗೊಂಬೆ ಕೂರಿಸುತ್ತೇವೆ, ಇಲ್ಲಿಯವರೂ ಕೂರಿಸುತ್ತಾರೆ, ಅದನ್ನು ಕೊಲು ಎನ್ನುತ್ತಾರೆ. ಮಗಳು ಶಾಲೆಗೆ ಹೋಗುತ್ತಿದ್ದಾಗ, ಎಗ್ಮೋರ್ ಸ್ಟೇಷನ್ನಿನ ಹಿಂಬದಿಯ ಬೀದಿಯಲ್ಲಿರುವ ಈ ಮನೆಗೆ ಬಂದ ಹೊಸತರಲ್ಲಿ ಎದುರು ಮನೆಯ ಮಾಮಿಯ ಕೊಲು ನೋಡಲು ಹೋದೆ. ಒಂಬತ್ತು ಮೆಟ್ಟಿಲು! ತಲೆಯಾಡಿಸುವ ತಂಜಾವೂರು ಬೊಂಬೆಗಳು, ದಶಾವತಾರದ ಸಾಲು, ಬೇಳೆಕಾಳಿನ ರಾಶಿ ಹರಡಿಕೊಂಡು ವ್ಯಾಪಾರಕ್ಕೆ ಕೂತ ಚೆಟ್ಟಿಯಾರ್ ದಂಪತಿ, ಮದುವೆಯ ಮೆರವಣಿಗೆ, ವಾದ್ಯದವರ ಗುಂಪು. ನನ್ನದೋ ಐದೇ ಮೆಟ್ಟಿಲು, ಮೇಲೆ ತವರಿನವರು ಕೊಟ್ಟ ಪಟ್ಟದ ಗೊಂಬೆಯ ಜೋಡಿ, ಕೆಳಗೆ ಅಲ್ಲಲ್ಲಿ ಒಂದಿಷ್ಟು. ದಸರೆಯ ಊರಿನವಳು ದಸರೆಯಲ್ಲೇ ಹಿಂದೆ ಬೀಳುವುದೇ! ಅರಮನೆಯನ್ನೇ ತಂದು ಗೊಂಬೆಗಳ ಮುಂದೆ ನಿಲ್ಲಿಸಿದರೆ ಮಾಮಿ ಏನು ಮಾಡಿಯಾರು ನೋಡೋಣ ಎಂದು ಆ ವಾರವೇ ಬೆಂಕಿಪೊಟ್ಟಣಗಳ ಕಟ್ಟು ಕೊಳ್ಳಲು ಹೋದೆ, ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

ಮೈಸೂರಿನಲ್ಲಿ ಬೆಳೆದ ತಲೆಗೆ ಮಾತ್ರ ಹೊಳೆಯಬಹುದಾದ ತಪ್ಪು ಅದು. ಅಲ್ಲಿ ಬಟ್ಟೆಯೂ ಹಪ್ಪಳವೂ ಅಂಟೂ ಹೇಳಿದ ಹೊತ್ತಿಗೆ ಒಣಗುತ್ತವೆ. ಇಲ್ಲಿ ಗಾಳಿಯೇ ಒದ್ದೆ. ಅದರಲ್ಲೂ ನವರಾತ್ರಿಯ ಹೊತ್ತಿಗೆ ಐಪ್ಪಸಿ ಎಂಬ ತಮಿಳು ತಿಂಗಳ ಮಳೆ ಬೀದಿಯ ತಿರುವಿನಲ್ಲಿ ಕಾಯುತ್ತ ನಿಂತಿರುತ್ತದೆ. ಈ ವರ್ಷ ಎಡಗಡೆಯ ಗೋಪುರ ಎಬ್ಬಿಸಿದರೆ ಹೋದ ವರ್ಷದ ಬಲಗಡೆಯದು ಅಂಟು ಬಿಟ್ಟು ವಾಲುತ್ತಿತ್ತು. ಕಡ್ಡಿಗಳು ತೇವ ಕುಡಿದು ಉಬ್ಬಿ ಗೋಡೆ ಹೊಟ್ಟೆ ಬಿಡುತ್ತಿತ್ತು. ಹಾಗಾಗಿ ನನ್ನ ಅರಮನೆಗೆ ಮುಂಭಾಗ ಮಾತ್ರ ಇತ್ತು, ಹಿಂಭಾಗವನ್ನು ಗೋಡೆಗೆ ಒರಗಿಸಿ ಮಾನ ಉಳಿಸಿಕೊಳ್ಳುತ್ತಿದ್ದೆ. ಪ್ರತಿ ನವರಾತ್ರಿಯಲ್ಲೂ ಬಂದವರು ಕುಂಕುಮ ತೆಗೆದುಕೊಳ್ಳುವ ಮುಂಚೆಯೇ "ಮುಡಿಂಜುದಾ?" ಎನ್ನುವರು, ಮುಗಿಯಿತೇ ಎಂದು. ಇಲ್ಲ, ಮುಂದಿನ ವರ್ಷ ಖಂಡಿತ ಎಂದು ನಾನು ಅರಮನೆಯ ಪಕ್ಕದಲ್ಲಿ ಮ್ಯೂಸಿಯಮ್ಮಿನ ಗೈಡಿನ ಹಾಗೆ ನಿಂತು ವಿವರಿಸುವೆ: ಇಲ್ಲಿ ದರ್ಬಾರ್ ಹಾಲ್ ಬರುತ್ತದೆ, ಇಲ್ಲಿ ಚಿನ್ನದ ಗೋಪುರ ಬರುತ್ತದೆ. ಒಳಗೆ ಹೆಂಗಸರು ಹಾಡುತ್ತಿದ್ದರೆ ನಾನು ಬರಲಿರುವ ಗೋಪುರಗಳ ಬಗ್ಗೆ ಮಾತಾಡುತ್ತಿರುತ್ತಿದ್ದೆ.

ಅರ್ಧ ಮಾಡಿಟ್ಟ ಕೆಲಸ ಮೇಜಿನ ಮೇಲೆ ಹಿಡಿಯುವಷ್ಟೇ ಜಾಗವನ್ನು ತಲೆಯಲ್ಲೂ ಹಿಡಿದರೆ ಚಿಂತೆಯಿರಲಿಲ್ಲ. ಆದರೆ ಅದು ತಲೆಯೊಳಗೆ ನಂಟರನ್ನೂ ಕರೆದುಕೊಂಡು ಬರುತ್ತದೆ. ಅರಮನೆಯ ನೆನಪಾದರೆ ಅದರ ಹಿಂದೆಯೇ ಅಂಚು ಮಾತ್ರ ಹೆಣೆದು ಬಿಟ್ಟ ಕ್ರೋಶಾ ಮೇಜುಹಾಸು ನೆನಪಾಗುತ್ತದೆ, ಅದರ ಹಿಂದೆ ಹಣ ಕಟ್ಟಿ ಎರಡು ಪಾಠ ಕೇಳಿದ ಆನ್‌ಲೈನ್ ಯೋಗ ತರಗತಿ, ಕುಂಡ ತಂದು ಮಣ್ಣು ತರದ ಟೆರೇಸ್ ತೋಟ, ಅಮ್ಮನ ಅಡುಗೆಗಳನ್ನೆಲ್ಲ ವಿಡಿಯೋ ಮಾಡಿಡುತ್ತೇನೆಂದು ಹೊರಟು ಗೊಜ್ಜಿನಲ್ಲೇ ನಿಂತ ಸಂಕಲ್ಪ, ತಮಿಳು ಓದಲು ಕಲಿಯುವ ಹಟ. ಆ ಕೊನೆಯದು ಎಲ್ಲಿಗೆ ಬಂದಿತ್ತೆಂದರೆ ಬಸ್ಸಿನ ಬೋರ್ಡನ್ನು ನಾನು ಅಕ್ಷರ ಕೂಡಿಸಿ ಓದಿ ಮುಗಿಸುವಷ್ಟರಲ್ಲಿ ಬಸ್ಸು ಮುಂದಿನ ಸ್ಟಾಪು ಸೇರಿರುತ್ತಿತ್ತು. ಇವು ಯಾವುವೂ ಗದ್ದಲ ಮಾಡುವುದಿಲ್ಲ. ಸಂಜೆ ಕಾಫಿ ಹಿಡಿದು ಬಾಲ್ಕನಿಯಲ್ಲಿ ಕೂತ ಕೂಡಲೇ ಎಲ್ಲವೂ ಬಂದು ಸುಮ್ಮನೆ ಸುತ್ತ ನಿಲ್ಲುತ್ತವೆ. ಕಾಫಿ ಕುಡಿದದ್ದು ಗೊತ್ತಾಗದೆ ಲೋಟ ಖಾಲಿಯಾಗಿರುತ್ತದೆ.

ಬಹಳ ದಿನ ನಾನು ಇದನ್ನು ಸೋಮಾರಿತನ ಎಂದುಕೊಂಡಿದ್ದೆ. ಆಮೇಲೆ ತಿಳಿಯಿತು, ನನ್ನನ್ನು ಕಾಡುತ್ತಿದ್ದದ್ದು ಕೆಲಸವಲ್ಲ, ಅದನ್ನು ಮುಗಿಸಲಿರುವ ಹೆಂಗಸು. ಆಕೆಯನ್ನು ನಾನು ಚೆನ್ನಾಗಿ ಬಲ್ಲೆ. ಆಕೆಗೆ ಅಪಾರ ತಾಳ್ಮೆ, ಬೆರಳು ನಡುಗುವುದಿಲ್ಲ, ಮಧ್ಯಾಹ್ನ ನಿದ್ದೆ ಬರುವುದಿಲ್ಲ, ಕಿಟಕಿಯ ಬಳಿ ಬೆನ್ನು ನೆಟ್ಟಗೆ ಮಾಡಿ ಕೂತು ಕಡ್ಡಿಗೆ ಕಡ್ಡಿ ಸೇರಿಸುತ್ತಾಳೆ, ಆಕೆಯ ಮನೆಯಲ್ಲಿ ಕುಕ್ಕರ್ ತಾನಾಗಿ ಇಳಿಯುತ್ತದೆ. ಆಕೆ ಇವತ್ತಲ್ಲ ನಾಳೆ ಬಂದೇ ಬರುತ್ತಾಳೆ ಎಂದು ನಾನು ಅರ್ಧ ಮೇಜನ್ನು ಕಾದಿರಿಸಿಟ್ಟಿದ್ದೆ. ಬರಲಿರುವವಳ ಮೇಲೆ ನನಗೆಷ್ಟು ಗೌರವವೆಂದರೆ, ಇರುವವಳನ್ನು ಕಂಡರೆ ಆಗುತ್ತಲೇ ಇರಲಿಲ್ಲ.

ಹೀಗಿರುವಾಗ ಈ ಸಲ ಮಹಾಲಯ ಅಮಾವಾಸ್ಯೆಗೆ ಇನ್ನೂ ಕೆಲವು ದಿನವಿದೆ ಎನ್ನುವಾಗ ಮಾಮಿ ಬಂದರು. ಹಬ್ಬ ಕಳೆದ ಮೇಲೆ ಮನೆ ಖಾಲಿ ಮಾಡಿ ತಿರುವೊಟ್ಟಿಯೂರಿನ ತಂಗಿಯ ಜೊತೆ ಇರಲು ಹೋಗುತ್ತೇನೆಂದರು. ಅಕ್ಕತಂಗಿಯರಿಬ್ಬರೂ ಒಂಟಿ, ದೇವಸ್ಥಾನ ಪಕ್ಕದಲ್ಲೇ, ಸಮುದ್ರದ ಗಾಳಿ, ಮಾಮಿಗೆ ಹೋಗುವ ಉತ್ಸಾಹವೇ ಇತ್ತು. ಸಾಮಾನೆಲ್ಲ ಆಗಲೇ ಕಟ್ಟಿಯಾಗಿತ್ತು, ಕೊಲುವಿನ ಮರದ ಮೆಟ್ಟಿಲು ಯಾರಿಗೋ ಕೊಟ್ಟಾಗಿತ್ತು. ಒಂದೇ ತೊಡಕು. ಮದುವೆಯಾದ ವರ್ಷದಿಂದ ಮಾಮಿಯ ಕೊಲು ಒಮ್ಮೆಯೂ ತಪ್ಪಿಲ್ಲ, ತಪ್ಪಬಾರದು ಎಂಬ ನಂಬಿಕೆ. ತಂಗಿಯ ಮನೆಯಲ್ಲೋ ಬೆಕ್ಕುಗಳ ಸಂಸಾರ, ಅಲ್ಲಿ ಮಣ್ಣಿನ ಬೊಂಬೆ ಒಂದು ಗಂಟೆಯೂ ಬಾಳದು.

"ನಿನ್ನ ಮೆಟ್ಟಿಲ ಮೇಲೆ ನನ್ನ ಬೊಮ್ಮೆಗೂ ಇಡಂ ಕೊಡ್ತೀಯಾ ಮಾ? ಈ ಒಂದು ವರುಷಂ ಮಾತ್ರ" ಎಂದರು ಮಾಮಿ, ತಮ್ಮ ತಮಿಳನ್ನೂ ನನ್ನಿಂದ ಕಲಿತ ಕನ್ನಡವನ್ನೂ ಬೆರೆಸಿ. ಯಾರಿಂದಲೂ ಒಂದು ಲೋಟ ಸಕ್ಕರೆ ಕಡ ಕೇಳಿದವರಲ್ಲ ಅವರು. ಕೇಳುವಾಗ ನನ್ನ ಮುಖ ನೋಡಲಿಲ್ಲ, ಬಾಗಿಲ ತೋರಣ ನೋಡುತ್ತಿದ್ದರು.

ಜಾಗ ಕೊಡುವುದೆಂದರೆ ಏನೆಂದು ನನಗೆ ಆ ಕ್ಷಣಕ್ಕೇ ಗೊತ್ತಾಯಿತು. ನಮ್ಮ ಹಾಲಿನಲ್ಲಿ ಇರುವ ಕಬ್ಬಿಣದ ಮೆಟ್ಟಿಲ ಜೊತೆಗೆ ಊಟದ ಮೇಜನ್ನೂ ಗೋಡೆಗೆ ಸೇರಿಸಿ, ಅದರ ಮೇಲೆ ಪೆಟ್ಟಿಗೆ ಪೇರಿಸಿ, ಪಂಚೆ ಹಾಸಿದರೆ ಮಾತ್ರ ಮಾಮಿಯ ಗೊಂಬೆಗಳು ಹಿಡಿಸುತ್ತವೆ. ಮೇಜಿನ ಮೇಲೆ ಅರಮನೆ. ಅಟ್ಟ ಆಗಲೇ ತುಂಬಿದೆ. ಆಗಲಿ ಮಾಮಿ ಎಂದವಳು ಒಳಗೆ ಬಂದು, ಹಬ್ಬದೊಳಗೆ ಇದನ್ನು ಮುಗಿಸಿ ಬೇರೆಲ್ಲಾದರೂ ಸಾಗಿಸುತ್ತೇನೆಂದು ನನ್ನ ಆಫೀಸಿಗೆ ರಜೆ ಹಾಕಿದೆ! ನಗಬೇಡಿ. ಬಿಡಬೇಕಾದ ಕೆಲಸವನ್ನು ಬಿಡುವ ಮುಂಚೆ ಮನುಷ್ಯರು ಹೀಗೆ ಒಮ್ಮೆ ಮೈಮೇಲೆ ಬಂದವರಂತೆ ಆಡುತ್ತಾರೆ. ಟೇಬಲ್ ಫ್ಯಾನು, ಕೂದಲು ಒಣಗಿಸುವ ಡ್ರೈಯರು, ಎಲ್ಲ ಹಚ್ಚಿಕೊಂಡು ಅಂಟಿಸಲು ಕೂತೆ. ಸಂಜೆ ಮಳೆ ಹೊಯ್ಯಿತು. ಮಧ್ಯದ ಗೋಪುರ ನನ್ನ ಕಣ್ಣೆದುರೇ ಮೆಲ್ಲಗೆ ಜಾರಿ ದರ್ಬಾರ್ ಹಾಲಿನೊಳಗೆ ಕೂತುಕೊಂಡಿತು.

ಆಫೀಸಿನಿಂದ ಬಂದ ಶ್ರಾವಣಿ, ನನ್ನ ಮಗಳು, ಬ್ಯಾಗು ಇಳಿಸದೆಯೇ ನೋಡುತ್ತ ನಿಂತಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುವ ಹುಡುಗಿ. "ಪೋದುಮ್ ಮಾ" ಎಂದಳು, ಸಾಕು ಎಂದು. ಆಮೇಲೆ, ಅಪರೂಪಕ್ಕೆ ಕನ್ನಡದಲ್ಲೇ, "ಚಿಕ್ಕೋಳಿದ್ದಾಗಿಂದ ನೀನು ಹಬ್ಬದಲ್ಲಿ ಒಂದು ಸಲಾನೂ ನನ್ನ ಪಕ್ಕ ಕೂತು ಹಾಡಿಲ್ಲ, ಗೊತ್ತಾ?" ಎಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. ಅದಕ್ಕೇ ಇರಬೇಕು, ಆ ಮಾತು ನೇರವಾಗಿ ಒಳಗೆ ಇಳಿಯಿತು.

ಅಂದೇ ಮೂವರೂ ಹಾಲಿನಲ್ಲಿ ದಿನಪತ್ರಿಕೆ ಹಾಸಿಕೊಂಡು ಕೂತು ಅರಮನೆ ಕಳಚಿದೆವು. ನಿಮಗೆ ನಿಜ ಹೇಳಬೇಕು, ಅಳು ಬರಬಹುದೆಂದು ಸೆರಗು ಸಿದ್ಧ ಮಾಡಿಕೊಂಡಿದ್ದೆ. ಬಂದದ್ದು ನಗು. ಒಣಗಲೊಲ್ಲೆನೆಂದು ವರ್ಷಗಟ್ಟಲೆ ಹಟ ಹಿಡಿದ ಅಂಟು, ಬಿಡಿಸುವಾಗ ಎಷ್ಟು ಸಲೀಸಾಗಿ ಬಿಟ್ಟುಕೊಟ್ಟಿತು! ನಮ್ಮವರು ಆನೆಬಾಗಿಲು ಕಿತ್ತು ಕೈಯಲ್ಲಿ ಹಿಡಿದು "ಬಹುಪರಾಕ್" ಎಂದರು. ಮಗಳು ಕಿಟಕಿಗಳನ್ನು ಕಿತ್ತಳು. ನೆನಪಿಗೆ ಒಂದು ಗೋಪುರವಾದರೂ ಇಟ್ಟುಕೊಳ್ಳೋಣವೇ ಎಂದು ಆಸೆಯಾಯಿತು. ಇಟ್ಟುಕೊಂಡರೆ ಅದರ ಪಕ್ಕಕ್ಕೆ ಇನ್ನೊಂದು ಕಟ್ಟುವವಳು ನಾನೇ ಎಂದು ಗೊತ್ತಿದ್ದರಿಂದ ಅದನ್ನೂ ಚೀಲಕ್ಕೆ ಹಾಕಿದೆ. ಕಿಟಕಿಯ ಬಳಿ ಬೆನ್ನು ನೆಟ್ಟಗೆ ಮಾಡಿ ಕೂರುವ ಆ ಹೆಂಗಸು ಅವತ್ತೇ ಹೇಳದೆ ಕೇಳದೆ ಮನೆ ಬಿಟ್ಟಳೆಂದು ಕಾಣುತ್ತದೆ. ಮೇಜು ಒರೆಸಿದೆ. ಅದರ ಮರದ ಗೆರೆಗಳು ಇಷ್ಟು ಚೆಂದವೆಂಬುದು ನನಗೆ ಮರೆತೇಹೋಗಿತ್ತು.

ಆ ನವರಾತ್ರಿಯ ಸಂಜೆಗಳನ್ನು ಏನೆಂದು ವರ್ಣಿಸಲಿ! ಮೇಲಿನ ಮೆಟ್ಟಿಲಲ್ಲಿ ನನ್ನ ಪಟ್ಟದ ಗೊಂಬೆಗಳ ಪಕ್ಕದಲ್ಲೇ ಮಾಮಿಯ ರಾಜ ರಾಣಿ, ಬೀಗರಂತೆ ಮುಖ ಬಿಗಿದುಕೊಂಡು ನಿಂತರು. ದಿನವೂ ಮಾಮಿ ನನ್ನ ಅಡುಗೆಮನೆಯಲ್ಲಿ ಕಡಲೆಯದ್ದೋ ಹೆಸರಿನದ್ದೋ ಸುಂಡಲ್ ಮಾಡುವರು, ನಾನು ಕೋಸಂಬರಿ ಮಾಡುವೆ. ಬಂದವರಲ್ಲಿ ಒಬ್ಬಿಬ್ಬರು ಅರಮನೆ ಎಲ್ಲಿ ಎಂದು ಕೇಳಿದರು, ತೆಗೆದುಬಿಟ್ಟೆ ಎಂದೆ, ಅವರು ಸುಂಡಲ್ ತಿನ್ನುತ್ತ ಬೇರೆ ಮಾತಿಗೆ ಹೋದರು. ನಾನು ವರ್ಷವಿಡೀ ಹೆದರುತ್ತಿದ್ದ ಪ್ರಶ್ನೆ ಅವರ ಪಾಲಿಗೆ ಬರೀ ಕುಶಲ ಸಮಾಚಾರವಾಗಿತ್ತು. ಚಾಪೆಯ ಮೇಲೆ ಮಗಳ ಪಕ್ಕ ಕೂತು ಹಾಡಿದೆ. ಶ್ರುತಿ ಎಲ್ಲಿಗೋ ಹೋಯಿತು, ಮಗಳು ಮೊಣಕೈಯಿಂದ ತಿವಿದು ದಾರಿಗೆ ತಂದಳು. ಸುಖವಾಗಿತ್ತು.

ವಿಜಯದಶಮಿಯ ಸಂಜೆ ಆರತಿಯಾದ ಮೇಲೆ ಒಂದು ಗೊಂಬೆಯನ್ನು ಮಲಗಿಸುವ ಪದ್ಧತಿ ನಮ್ಮಲ್ಲೂ ಉಂಟು, ಅವರಲ್ಲೂ ಉಂಟು. ಒಂದನ್ನು ಮಲಗಿಸಿದರೆ ಎಲ್ಲವೂ ಮಲಗಿದಂತೆ, ಆ ವರ್ಷದ ಹಬ್ಬ ಮುಗಿದಂತೆ. ಮಾಮಿ ತಮ್ಮ ರಾಣಿಯನ್ನು ಎತ್ತಿ, ಅದರ ಪುಟ್ಟ ಸೀರೆಯ ನೆರಿಗೆ ಸರಿಮಾಡಿ, ಪಂಚೆಯ ಮೇಲೆ ಮೆಲ್ಲಗೆ ಮಲಗಿಸಿದರು. ಎಷ್ಟೋ ವರ್ಷ ಇದನ್ನು ಮಾಡಿದ್ದೇನೆ, ಅರ್ಥ ಹೊಳೆದಿರಲಿಲ್ಲ. ಪ್ರತಿ ವರ್ಷ ಒಂದಾದರೂ ಹೊಸ ಗೊಂಬೆ ತರಬೇಕೆಂಬ ನೇಮವಿರುವಾಗ ಯಾರ ಮನೆಯ ಗೊಂಬೆಯೂ ಎಂದಿಗೂ ಪೂರ್ತಿಯಾಗುವುದಿಲ್ಲ. ಆದರೂ ಪ್ರತಿ ವರ್ಷ ಅದಕ್ಕೊಂದು ಮುಗಿತಾಯವಿದೆ. ಪೂರ್ತಿಯಾಗುವುದು ಬೇರೆ, ಮುಗಿಸುವುದು ಬೇರೆ ಎಂದು ನಮ್ಮ ಅಜ್ಜಿಯರಿಗೆ ತಿಳಿದಿತ್ತು. ಮೊದಲನೆಯದು ನಮ್ಮ ಕೈಯಲ್ಲಿಲ್ಲ. ಎರಡನೆಯದಕ್ಕೆ ಬೇಕಾದದ್ದು ಒಂದು ಹಿತವಾದ ಕೈ, ಇಷ್ಟು ಸಾಕು ಎನ್ನುವ ಮನಸ್ಸು. ಆಮೇಲಿನ ದಿನಗಳಲ್ಲಿ ನಾನು ಕ್ರೋಶಾ ದಾರವನ್ನು ಕೆಳಮನೆಯ ಹುಡುಗಿಗೆ ಕೊಟ್ಟೆ, ಕುಂಡಗಳನ್ನು ವಾಚ್‌ಮನ್ ಹೆಂಡತಿಗೆ ಕೊಟ್ಟೆ, ಯೋಗ ತರಗತಿಯ ನೆನಪೋಲೆಗಳನ್ನು ಅಳಿಸಿದೆ. ಅಮ್ಮನಿಗೆ ಫೋನು ಮಾಡಿದೆ, ವಿಡಿಯೋ ಗಿಡಿಯೋ ಬಿಟ್ಟು ಸುಮ್ಮನೆ ಹರಟಿದೆ. ತಮಿಳು ಅಕ್ಷರ ಮಾತ್ರ ಬಿಡಲಿಲ್ಲ. ತಿರುವೊಟ್ಟಿಯೂರಿಗೆಂದು ಹೊರಟು ಊರಿನ ಇನ್ನೊಂದು ತುದಿಯ ಪಲ್ಲಾವರಂ ಬಸ್ಸು ಹತ್ತಿದರೆ ನನ್ನ ಗತಿಯೇನು?

ಗೊಂಬೆ ಮಲಗಿಸಿದ ಮರುದಿನ ಬೆಳಿಗ್ಗೆ ಮಾಮಿ ಬಂದರು, ಗೊಂಬೆಗಳನ್ನು ಹಳೆಯ ಸೀರೆಯ ಚೂರುಗಳಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬಿದೆವು. ಕೆಳಗೆ ಟೆಂಪೋ ಕಾಯುತ್ತಿತ್ತು. ಮಾಮಿ ಪೆಟ್ಟಿಗೆಯ ಮುಚ್ಚಳದ ಮೇಲೆ ಕೈಯಿಟ್ಟು, ಇವುಗಳನ್ನು ಯಾವುದಾದರೂ ದೇವಸ್ಥಾನಕ್ಕೆ ಕೊಡಲು ಯಾರನ್ನಾದರೂ ಕೇಳಬೇಕು ಎಂದರು. ಮುಂದಿನ ವರ್ಷದಿಂದ ಅವರ ಕೊಲು ಇಲ್ಲ ಎಂಬುದನ್ನು ನಾನು ಆವರೆಗೆ ಯೋಚಿಸಿಯೇ ಇರಲಿಲ್ಲ. ನಾನು ಬಿಟ್ಟದ್ದು ಕಟ್ಟಲಾರದ ಒಂದು ಅರಮನೆ, ಅದಕ್ಕೇ ಎಷ್ಟು ಆಡಂಬರ ಮಾಡಿದೆ. ಅವರು ಬಿಡುತ್ತಿದ್ದದ್ದು ಒಂದು ಆಯುಷ್ಯವಿಡೀ ಜೋಡಿಸಿ, ಒರೆಸಿ, ಮಲಗಿಸಿ, ಎಬ್ಬಿಸಿ ಸಾಕಿದ್ದು.

"ಇಲ್ಲೇ ಇರಲಿ ಮಾಮಿ. ಮುಂದಿನ ವರ್ಷವೂ ಎಲ್ಲ ಒಟ್ಟಿಗೇ ಕೂರಲಿ" ಎಂದೆ. ನನ್ನ ಕಣ್ಣು ತುಂಬಿತು, ಮುಚ್ಚಿಡಲೂ ಹೋಗಲಿಲ್ಲ.

ಮಾಮಿ ಅಳಲಿಲ್ಲ. ಪೆಟ್ಟಿಗೆಯ ಮೇಲಿನ ಕೈ ತೆಗೆದರು. ಚೆಟ್ಟಿಯಾರನ್ನು ಕೆಳಗಿನ ಮೆಟ್ಟಿಲಲ್ಲೇ ಇಡಬೇಕು, ಮೇಲೆ ಇಟ್ಟುಗಿಟ್ಟೀಯೆ ಎಂದು ಗದರಿದರು. ಟೆಂಪೋದವನು ಹಾರನ್ ಹೊಡೆದ. ಅವರು ಕಿಟಕಿಯತ್ತ ನೋಡಿ, ಇರಪ್ಪಾ ಎನ್ನುವಂತೆ ಕೈಯಾಡಿಸಿ, ನನ್ನ ಊಟದ ಮೇಜಿನ ಬಳಿಯಿದ್ದ ಕುರ್ಚಿ ಎಳೆದುಕೊಂಡು ಆರಾಮಾಗಿ ಕೂತರು. ಇಷ್ಟು ವರ್ಷದ ನೆರೆಹೊರೆಯಲ್ಲಿ ಅವರು ನಮ್ಮ ಮನೆಯಲ್ಲಿ ಬೆನ್ನು ಒರಗಿಸಿ ಕೂತದ್ದನ್ನು ನಾನು ನೋಡಿರಲಿಲ್ಲ. ಹಬ್ಬದ ದಿನಗಳಲ್ಲಿ ಅವರಿಗೆ ಸದಾ ತಮ್ಮ ಕೊಲುವಿನ ಅವಸರ.

"ಇನಿಮೇ, ಇನ್ನು ಮೇಲೆ, ನಾನು ಇಲ್ಲಿ ವಿರುಂದಾಳಿ, ನೆಂಟಳು" ಎಂದರು ಮಾಮಿ. "ಕಾಫಿ ಕೊಡು ಮಾ, ಡಿಗ್ರಿ ಕಾಫಿ. ಬಿಸಿಯಾಗಿರಲಿ."