ದಾರ ತಿನ್ನುವ ಮಷಿನ್ನು

ಹೊಲಿಗೆ ಯಂತ್ರ ರಿಪೇರಿ ಮಾಡುವ ಆಕೆಯನ್ನು ಬೀದಿಯವರೆಲ್ಲ ಮಷಿನಕ್ಕ ಎಂದೇ ಕರೆಯುತ್ತಿದ್ದರು. ಚಕ್ರವನ್ನೊಮ್ಮೆ ತಿರುಗಿಸಿ, ಕಿವಿಗೊಟ್ಟು, ಯಂತ್ರದ ರೋಗ ಇಂಥದೇ ಎಂದುಬಿಡುವವಳು. ಗಂಡ ತೀರಿಕೊಂಡ ಮೇಲೆ ಅವನ ಅಂಗಡಿಯನ್ನು ಕೈಬಿಡದೆ ನಡೆಸಿಕೊಂಡು ಬಂದಿದ್ದಳು.

ಈಗಿನ ಗಿರಾಕಿಗಳು ಅಂಗಡಿಯನ್ನು ಫೋನಿನಲ್ಲಿ ಹುಡುಕುತ್ತಾರೆ. ಅದಕ್ಕೆಂದೇ ಮೈದುನ ಒಂದು ವೆಬ್‌ಸೈಟು ಮಾಡಿಕೊಟ್ಟಿದ್ದ. ಕೆಲವು ವಾರ ಹುಡುಕಿದವರಿಗೆಲ್ಲ ಅವಳ ಅಂಗಡಿಯೇ ಮೊದಲು ಕಾಣಿಸಿತು. ಆಮೇಲೆ ಇದ್ದಕ್ಕಿದ್ದಂತೆ ಮಾಯವಾಯಿತು. ಗಿರಾಕಿಗಳೂ ಮಾಯ. ಹೀಗೇ ಆದರೆ ಬೀಗ ಜಡಿದು ಉಡುಪಿನ ಕಾರ್ಖಾನೆ ಸೇರುವುದೊಂದೇ ದಾರಿ.

ಒಂದು ಮಧ್ಯಾಹ್ನ ಆಕೆ ಮೈದುನನ ಕಂಪ್ಯೂಟರಿನ ಮುಂದೆ ಕುಳಿತಳು.

“ಪುಟದ ಕೆಳಗೆ ಇಷ್ಟುದ್ದ ಖಾಲಿ ಯಾಕೋ ಬಿಟ್ಟಿದೀಯ?” ಎನ್ನುತ್ತ ಮೌಸ್ ಒತ್ತಿ ಹಿಡಿದು ಎಳೆದಳು. ಖಾಲಿ ಜಾಗ ನೀಲಿಯಾಗಿ ಅಕ್ಷರಗಳು ಮೇಲೆದ್ದವು: ಮಷಿನ್ ರಿಪೇರಿ, ಮಿಷನ್ ರಿಪೇರಿ, ಮೆಶಿನ್ ರಿಪೇರಿ, ಮತ್ತೆ ಮಷಿನ್ ರಿಪೇರಿ.

“ಅದು ಓದೋರಿಗಲ್ಲ ಅತ್ತಿಗೆ, ಸರ್ಚ್ ಇಂಜಿನ್‌ಗೆ. ಜನ ಹೆಂಗೆಂಗೋ ಬರೀತಾರಲ್ಲ, ಎಲ್ಲಾನೂ ಬಿಳಿ ಅಕ್ಷರದಲ್ಲಿ ತುರುಕಿದೀನಿ.”

“ಬಿಳಿ ಬಟ್ಟೆಗೆ ಬಿಳಿ ದಾರ ಹಾಕಿದ್ರೆ ಗೊತ್ತಾಗಲ್ಲ ಅಂದ್ಕೊಂಡ್ಯಾ? ಕೈಯಾಡಿಸಿದ್ರೆ ಸಿಗುತ್ತೆ ಕಣೋ.”

“ಸಿಕ್ಕಿದೆ,” ಎಂದು ಮೈದುನ ತಲೆ ತಗ್ಗಿಸಿದ. “ಅದಕ್ಕೇ ನಮ್ಮ ಅಂಗಡೀನ ತೆಗೆದುಹಾಕಿದಾರೆ, ಸರ್ಚ್ ಇಂಜಿನ್‌ನೋರ ನೋಟಿಸ್ ಬಂದಿದೆ. ಬಚ್ಚಿಟ್ಟಿದ್ದನ್ನ ತೆಗೆದು, ಇನ್ನೊಂದ್ಸಲ ನೋಡಿ ಅಂತ ಕೇಳ್ಕೋಬೇಕಂತೆ. ನಿಮಗೆ ಹೇಳೋಕೆ ಭಯ ಆಯ್ತು.”

“ಹಂಗಾದ್ರೆ ಬಿಚ್ಚು ಹೊಲಿಗೆ.”

ಎಲ್ಲವನ್ನೂ ಅಳಿಸಿದ ಮೇಲೆ ಅವನು ಕೇಳಿದ: “ಇಲ್ಲಿ ‘ನುರಿತ ತಂತ್ರಜ್ಞರಿಂದ ಅತ್ಯುತ್ತಮ ಸೇವೆ’ ಅಂತ ಹಾಕ್ಲಾ?”

“ಯಾವ ಗಿರಾಕಿ ಹಂಗೆ ಮಾತಾಡ್ತಾನೆ? ಬಾಗಿಲಲ್ಲಿ ನಿಂತು ಏನಂತಾರೋ ಅದನ್ನೇ ಬರಿ. ಮಷಿನ್ ದಾರ ತಿನ್ನುತ್ತೆ. ಸೂಜಿ ಹೊಲಿಗೆ ಬಿಡುತ್ತೆ. ತುಳಿದ್ರೆ ಕಟಕಟ ಅನ್ನುತ್ತೆ.”

ಒಂದೊಂದಕ್ಕೂ ಮನೆಯಲ್ಲೇ ಮಾಡಬಹುದಾದ ಮದ್ದನ್ನು ಆಕೆ ಹೇಳಿದಳು, ಅವನು ಪುಟಕ್ಕೆ ಸೇರಿಸಿದ.

“ಎಲ್ಲಾ ಹೇಳ್ಕೊಟ್ರೆ ನಿಮ್ಮ ಹತ್ರ ಯಾರು ಬರ್ತಾರೆ?”

“ಸೂಜಿ ತಿರುಗಿಸಿ ಹಾಕೋಕೆ ನಾನ್ಯಾಕೆ? ದೊಡ್ಡ ರೋಗಕ್ಕೆ ಬರ್ತಾರೆ ಬಿಡು.”

ಇನ್ನೊಮ್ಮೆ ನೋಡಿ ಎಂಬ ಮನವಿ ಹೋಯಿತು. ಕೆಲವು ವಾರ ಅಂಗಡಿಯಲ್ಲಿ ನೊಣ ಹೊಡೆಯುವುದೇ ಕೆಲಸವಾಯಿತು. ಕಡೆಗೊಂದು ಬೆಳಿಗ್ಗೆ ದರ್ಜಿಯೊಬ್ಬ ಯಂತ್ರ ಹೊತ್ತು ಏದುಸಿರು ಬಿಡುತ್ತ ಬಂದ.

“ಮಷಿನ್ ದಾರ ತಿನ್ನುತ್ತೆ ಅಂತ ಫೋನಲ್ಲಿ ಕೇಳ್ದೆ. ಮೊದಲು ನಿಮ್ಮ ಅಂಗಡೀನೇ ಬಂತು. ನೀವು ಹೇಳಿದ್ದೆಲ್ಲ ಮಾಡ್ದೆ ಕಣಕ್ಕ, ಇನ್ನೂ ತಿಂತಾನೇ ಇದೆ.”

“ಹೊಟ್ಟೆಬಾಕ ಮಷಿನ್ನು, ಇಳಿಸಿ,” ಎಂದು ಮಷಿನಕ್ಕ ಚಕ್ರಕ್ಕೆ ಕೈ ಹಾಕಿ ಕಿವಿಗೊಟ್ಟಳು. ಓರೆಗಣ್ಣಿನಲ್ಲಿ ಮೈದುನನನ್ನು ನೋಡಿ ನಕ್ಕಳು.

ಮುಂದಿನ ದಿನಗಳಲ್ಲಿ ಒಬ್ಬರ ಹಿಂದೊಬ್ಬರು ಬಂದರು. ಅಂಗಡಿಯ ತುಂಬ ಯಂತ್ರಗಳಾಗಿ, ಮೈದುನ ತನ್ನ ಕಂಪ್ಯೂಟರಿನೊಂದಿಗೆ ಹೊರಗಿನ ಮೆಟ್ಟಿಲ ಮೇಲೆ ಕೂರಬೇಕಾಯಿತು.