ಹಂಪಣ್ಣನ ಚಾ ಒಲ್ಲೆನೆಂದ ಜೈತುನಬೀ

ಜೈತುನಬೀಗೆ ತನ್ನ ಮೇಲೆ ಭಯಂಕರ ಸಿಟ್ಟು ಬಂದಿದೆ ಎಂದೇ ಹಂಪಣ್ಣ ಒಂದಿಡೀ ಬೇಸಿಗೆ ನಂಬಿದ್ದ. ಕಾರಣ, ಒಂದು ಕಪ್ ಚಾ.

ಶಹಾಪುರದ ಬಜಾರದಲ್ಲಿ ಹಂಪಣ್ಣನದು ಸ್ಟೀಲ್ ಪಾತ್ರೆಗಳ ಅಂಗಡಿ. ಅದರ ಮುಂದಿನ ತಗಡಿನ ನೆರಳಲ್ಲಿ ಗೋಣಿತಟ್ಟು ಹಾಸಿಕೊಂಡು ಬಳ್ಳೊಳ್ಳಿ ಮಾರುವವಳು ಜೈತುನಬೀ. ಗಿರಾಕಿ ತಕ್ಕಡಿಯನ್ನು ಅನುಮಾನದಿಂದ ನೋಡಿದರೆ ಸಾಕು, ತಕ್ಕಡಿಯನ್ನೇ ಅವನ ಕೈಗಿಟ್ಟು "ನೀನೇ ತೂಗ್ಕೋ" ಎನ್ನುವ ಹೆಂಗಸು. ಬಳ್ಳೊಳ್ಳಿ ದರ ಮುಗಿಲು ಮುಟ್ಟಿದ ವರ್ಷ ಅವಳ ಮನೆಯ ಜಂತಿಯಲ್ಲಿ ಗೊಂಚಲು ಗೊಂಚಲಾಗಿ ಮಾಲು ತೂಗುತ್ತಿತ್ತು. ಮಾರಿದಳು, ನಾಲ್ಕು ಕಾಸು ಕಂಡಳು.

ಅದೇ ವರ್ಷ ಹಂಪಣ್ಣ ಹೊಸ ಮನೆ ಕಟ್ಟಿಸುತ್ತಿದ್ದ. ವ್ಯಾಪಾರಸ್ಥರ ಸಂಘದ ಉಪಾಧ್ಯಕ್ಷನಾದ ಮೇಲೆ ಅವನಿಗೆ ಹಳೆಯ ಮನೆಯ ಬಾಗಿಲು ಗಿಡ್ಡವೆನಿಸತೊಡಗಿತ್ತು. ಅವನ ಎತ್ತರವೇನೂ ಹೆಚ್ಚಾಗಿರಲಿಲ್ಲ. ನೆಲಕ್ಕೆ ಗ್ರಾನೈಟ್ ಹಾಕುವ ಹೊತ್ತಿಗೆ ಕೈ ಬರಿದಾಯಿತು. ಸಂಘದವರನ್ನು ಕೇಳಿದರೆ ಮರ್ಯಾದೆ ಹೋಗುತ್ತದೆಂದು ಜೈತುನಬೀಯನ್ನು ಕೇಳಿದ.

"ಬಡ್ಡಿ ಎಷ್ಟಕ್ಕಾ?"

ಅವಳು ಎರಡೂ ಕಿವಿ ಮುಟ್ಟಿಕೊಂಡಳು. "ತೋಬಾ ತೋಬಾ! ಬಡ್ಡಿ ನಮಗ ಹರಾಮ್. ತಗೊಂಡಷ್ಟ ತಿರುಗಿ ಕೊಡು. ಆದ್ರ ಬರದು ಕೊಡು, ಸಾಕ್ಷಿನೂ ಬೇಕು."

"ಹಂಪಣ್ಣನ ಮಾತು ಸಾಲದೇನು?"

"ಮಾತು ಛಲೋ ಅದ. ಮನಷಾ ಸಾಯ್ತಾನ."

ಸಾಯುವ ವಿಚಾರವನ್ನೇ ಇಟ್ಟುಕೊಂಡಿರದ ಹಂಪಣ್ಣ ಮುಖ ಗಂಟಿಕ್ಕಿ ಸಹಿ ಹಾಕಿದ. ಜೈತುನಬೀಯ ತಮ್ಮ, ತಮ್ಮನ ಹೆಂಡತಿ, ಜೊತೆಗೆ ಹಂಪಣ್ಣನ ಹೆಂಡತಿ ಗುರುದೇವಿ ಸಾಕ್ಷಿಯಾದರು.

ಬಡ್ಡಿಯಿಲ್ಲದ ಸಾಲದ ಹುರುಪು ಎಂದರೆ ಸಣ್ಣದಲ್ಲ. ಮರುದಿನ ಹಂಪಣ್ಣ ಎದುರು ಹೋಟೆಲಿನ ಮಲ್ಲುವನ್ನು ಕೂಗಿ, "ಜೈತುನಬಕ್ಕಗ ಒಂದು ಚಾ ಕೊಡೋ" ಎಂದ. ಮಲ್ಲುವಿಗೆ ತನ್ನ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. "ರೊಕ್ಕ ಯಾರು ಕೊಡ್ತಾರ್ರೀ ಸಾವ್ಕಾರ್ರ?"

ಚಾ ಬಂತು. "ಬ್ಯಾಡ" ಎಂದಳು ಜೈತುನಬೀ.

ಮರುದಿನ ಶುಂಠಿ ಹಾಕಿಸಿದ್ದು ಬಂತು. ಬ್ಯಾಡ. ಸಕ್ಕರೆ ಕಾಯಿಲೆ ಇರಬಹುದೆಂದು ಸಪ್ಪನೆಯದು ತರಿಸಿದ. ಬ್ಯಾಡ. ಬಿಸ್ಕೀಟು ಇಟ್ಟು ಕಳಿಸಿದ. ಬಿಸ್ಕೀಟೂ ಬ್ಯಾಡ. ಹಾಗೆಂದು ಅವಳಿಗೆ ಚಾ ಸೇರದೆಂದಲ್ಲ. ಹಂಪಣ್ಣನ ಕಪ್ಪು ಆರುತ್ತಿರುವಾಗಲೇ ಸ್ವಂತ ರೊಕ್ಕ ಕೊಟ್ಟು ಮಲ್ಲುವಿನಿಂದ ಇನ್ನೊಂದು ತರಿಸಿ, ಓಣಿಗೆಲ್ಲ ಕೇಳುವಂತೆ ಸೊರ್ರೆಂದು ಕುಡಿಯುತ್ತಿದ್ದಳು. ಸಂಜೆ ಸ್ಕೂಟರಿನಲ್ಲಿ ಮನೆಗೆ ಬಿಡುತ್ತೇನೆಂದರೆ ಚೀಲ ತಲೆಯ ಮೇಲಿಟ್ಟು ನಡೆದೇ ಹೊರಟುಬಿಡುತ್ತಿದ್ದಳು.

"ಹಂಪಣ್ಣ ಆಕಿಗೇನೋ ಮೋಸ ಮಾಡ್ಯಾನ," ಎಂದು ಮಲ್ಲು ಬಂದ ಗಿರಾಕಿಗೆಲ್ಲ ಹೇಳಿದ. "ಇಲ್ಲಾಂದ್ರ ಪುಕ್ಕಟೆ ಚಾ ಯಾರು ಬಿಡ್ತಾರ?"

ಮಾತು ಗುರುದೇವಿಯ ಕಿವಿಗೂ ಬಿತ್ತು. "ಬರೋ ಸೋಮವಾರ ಹೊಸ ಮನಿ ಊಟಕ್ಕ ಇಡೀ ಬಜಾರನ ಕರದೀರಿ. ಎಲ್ಲಾರ ಮುಂದ ಜೈತುನಬಕ್ಕ ಹೋಳಗಿ ತಾಟು ಸರಿಸಿದಳಂದ್ರ ನಿಮ್ಮ ಉಪಾಧ್ಯಕ್ಷಗಿರಿ ಅಲ್ಲೇ ಮುಗೀತು. ಸಿಟ್ಟು ಯಾಕಂತ ಕೇಳ್ರಿ ಹೋಗಿ!"

ಹಂಪಣ್ಣ ಗೋಣಿತಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳಿದ.

"ಸಿಟ್ಟ್ಯಾಕೋ? ಸಾಲ ಕೊಟ್ಟಾಕಿ ಸಾಲಗಾರನ ಕಡಿಂದ ತಿನ್ನಬಾರದು, ಕುಡೀಬಾರದು. ಅದೂ ಬಡ್ಡಿ ತಗೊಂಡಂಗ."

ಹಂಪಣ್ಣನ ವ್ಯಾಪಾರಿ ಬುದ್ಧಿ ಚುರುಕಾಯಿತು. "ಹಂಗಾದ್ರ ನನ್ನ ತಗಡಿನ ನೆಳ್ಳಾಗ ಹೆಂಗ ಕುಂತೀದಿ?"

"ನೆಳ್ಳು ಸಾಲಕ್ಕಿಂತ ಮೊದಲಿಂದ ಕೊಟ್ಟೀದಿ. ಮೊದಲಿಂದ ರೂಢಿ ಇದ್ದದ್ದು ನಡೀತದ. ಚಾ ಯಾವಾಗ ಕುಡಿಸಿದ್ದಿ, ಹೇಳು?"

ಹಂಪಣ್ಣ ಹಿಂದಿನ ವರ್ಷಗಳನ್ನೆಲ್ಲ ತಡಕಾಡಿದ. "ನಮ್ಮವ್ವ ತೀರಿಕೊಂಡಾಗ..."

"ಅವತ್ತು ನಾ ಕುಡಿಸಿದ್ದೆ."

ಬಳ್ಳೊಳ್ಳಿ ಸಿಪ್ಪೆ ಊದುತ್ತ ಅವಳೇ ಮುಂದುವರಿಸಿದಳು. "ಕೈಯಾಗ ಇಲ್ಲದವಗ ಮುದ್ದತು ಕೊಡಬೇಕಂತ ನಮ್ಮ ಧರ್ಮದಾಗ ಅದ, ಕೊಟ್ಟೀನಿ. ಇದ್ದೂ ಮುಂದ ದೂಡೋದು ಜುಲುಮ್." ಹೀಗೆಂದು ಅವಳು ಅಂಗಡಿಯೊಳಗೆ ನೋಡಿದಳು. ಅಲ್ಲಿ, ಹೋಗಿಬರುವವರಿಗೆಲ್ಲ ಕಾಣಲೆಂದೇ ಮುಚ್ಚಳ ತೆಗೆದಿಟ್ಟ ಪೆಟ್ಟಿಗೆಯಲ್ಲಿ, ಹೊಸ ಮನೆಯ ಪಡಸಾಲೆಗೆಂದು ತಂದ ಗಾಜಿನ ಝೂಮರ್ ತೂಗುದೀಪ ಫಳಫಳ ಹೊಳೆಯುತ್ತಿತ್ತು. ಹಂಪಣ್ಣ ಎದ್ದು ಅಡ್ಡ ನಿಂತ. ಪೆಟ್ಟಿಗೆ ಅವನಿಗಿಂತ ಅಗಲವಿತ್ತು.

ಮರುದಿನ ಯಾದಗಿರಿಯ ಬಸ್ಸಿನಲ್ಲಿ ಉಪಾಧ್ಯಕ್ಷರು ಝೂಮರನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅಲ್ಲಿಯ ದೀಪದ ಅಂಗಡಿಯವನು ಗೊಣಗುತ್ತ ವಾಪಸು ತೆಗೆದುಕೊಂಡ. ಆ ರೊಕ್ಕದಲ್ಲಿ ಸಾಲ ತೀರಿತು. ಜೈತುನಬೀ ಅವೇ ಸಾಕ್ಷಿಗಳನ್ನು ಕರೆಸಿ, ಎಲ್ಲರೆದುರು ಚೀಟಿ ಹರಿದು, ಅವನ ಮನೆಗೆ ಬರ್ಕತ್ತಾಗಲೆಂದು ದುವಾ ಮಾಡಿದಳು.

ಸೋಮವಾರ ಪಡಸಾಲೆಯ ನಟ್ಟನಡುವೆ ದೊಡ್ಡದೊಂದು ಕೊಂಡಿ, ಅದರಿಂದ ಒಂಟಿ ಬಲ್ಬು ಜೋತಾಡುತ್ತಿತ್ತು.

"ಈ ಕೊಂಡಿ ಯಾಕ್ರೀ ಹಂಪಣ್ಣ?" ಎಂದರು ಸಂಘದ ಅಧ್ಯಕ್ಷರು.

"ತೊಟ್ಟಿಲು ಕಟ್ಟಾಕ್ರೀ," ಎಂದುಬಿಟ್ಟ ಹಂಪಣ್ಣ. ಮೊಮ್ಮಕ್ಕಳನ್ನು ಕಂಡಿದ್ದ ಗುರುದೇವಿ ತುಪ್ಪದ ಸೌಟು ಹಿಡಿದು ನಿಂತಲ್ಲೇ ಗಂಡನನ್ನು ದಿಟ್ಟಿಸಿದಳು.

ಆದರೆ ಬಜಾರದ ಕಣ್ಣೆಲ್ಲ ಜೈತುನಬೀಯ ತಾಟಿನ ಮೇಲಿತ್ತು. ಅವಳು ಬಿಸ್ಮಿಲ್ಲಾ ಎಂದು ಹೋಳಿಗೆ ಮುರಿದಳು, ತಿಂದಳು, "ತುಪ್ಪಕ್ಕ ಯಾಕ ಹಿಂಗ ಕೈ ಹಿಡೀತೀ ಗುರುದೇವಿ, ಸುರಿಯವ್ವಾ" ಎಂದಳು. ಹಂಪಣ್ಣ ಎದೆಯುಬ್ಬಿಸಿ ಮಲ್ಲುವಿನತ್ತ ನೋಡಿದ. ಮಲ್ಲು ಸಾರಿನತ್ತ ನೋಡಿದ.

ಅಂದಿನಿಂದ ಹಂಪಣ್ಣ ದಿನಾ ಚಾ ಹೇಳುತ್ತಾನೆ, ಅವಳು ದಿನಾ ಕುಡಿಯುತ್ತಾಳೆ. ಆ ಬರಿ ಕೊಂಡಿ ಮಾತ್ರ ಅವನ ಕಣ್ಣು ಚುಚ್ಚುತ್ತಲೇ ಇತ್ತು. ಒಂದು ದಿನ ಅವಳ ಕಪ್ಪು ಅರ್ಧವಾಗುವುದನ್ನೇ ಕಾದು, ಮೆಲ್ಲಗೆ ಹತ್ತಿರ ಸರಿದ.

"ಅಕ್ಕಾ, ಈಗ ಚಾ ರೂಢಿ ಆತಲ್ಲ? ನಾಳಿ ನಾ ಮತ್ತ ಸಾಲ ತಗೊಂಡ್ರೂ ನನ್ನ ಚಾ ಕುಡೀತೀಯಲ್ಲ?"

ಜೈತುನಬೀ ಉಳಿದರ್ಧವನ್ನು ಸೊರ್ರೆಂದು ಮುಗಿಸಿ ಕಪ್ಪು ಕೆಳಗಿಟ್ಟಳು.

"ಚಾ ಕುಡೀತೀನಿ. ಸಾಲ ಕೊಡಂಗಿಲ್ಲ."