ತರ್ಕಬದ್ಧಗೊಂಡ ತೂಬಗೆರೆ ಬಸ್ಸು

ನಾನೇ ಬರೆದ ಸುದ್ದಿಯ ಅರ್ಥ ನನಗೆ ತಿಳಿದದ್ದು ಕಳೆದ ತಿಂಗಳು. ತಿಳಿಸಿದವರು ಓದುವುದೇ ಬೇಡವೆಂದು ಡಾಕ್ಟರ್ ಕಟ್ಟಪ್ಪಣೆ ಮಾಡಿದ್ದ ಹೆಂಗಸು!

ತೂಬಗೆರೆಯಲ್ಲಿ ನಮ್ಮ ಪಕ್ಕದ ಮನೆಯ ರತ್ನಕ್ಕ ಬಾಶೆಟ್ಟಿಹಳ್ಳಿಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಟೈಲರ್. ಇಪ್ಪತ್ತು ವರ್ಷದ ಸರ್ವಿಸು. ಪೇಪರ್ ಓದುವ ಹುಚ್ಚು ವಿಪರೀತ. (ರಾಶಿಭವಿಷ್ಯ ಮಾತ್ರ ಓದುವುದಿಲ್ಲ, ಅದರಲ್ಲಿ ಯಾವತ್ತೂ ಓವರ್‌ಟೈಮ್ ಬಗ್ಗೆ ಬರೆದಿರುವುದಿಲ್ಲ ಎಂಬುದು ಅವರ ತಕರಾರು.) ಕಣ್ಣಿನ ಪೊರೆಯ ಆಪರೇಷನ್ ಆದ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂರತೊಡಗಿದರು. ಸಂಜೆ ಪೇಪರ್ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ನಾನಂತೂ ಖುಷಿಯಾಗಿ ಒಪ್ಪಿಕೊಂಡೆ. ದೊಡ್ಡಬಳ್ಳಾಪುರದ ಒಂದು ಸಣ್ಣ ಪತ್ರಿಕೆಯ ವಾಣಿಜ್ಯ ಪುಟಕ್ಕೆ ಇಂಗ್ಲಿಷ್ ಸುದ್ದಿಗಳನ್ನು ಕನ್ನಡಕ್ಕೆ ತರುವವನು ನಾನು. ನನ್ನ ಬರಹವನ್ನು ಯಾರಾದರೂ ಕೂತು ಕೇಳುತ್ತಾರೆ ಎಂದರೆ ಬಿಡುತ್ತೇನೆಯೇ?

ಅವತ್ತು ನನ್ನದೇ ಒಂದು ಸುದ್ದಿಯನ್ನು ಠೀವಿಯಿಂದಲೇ ಓದಿದೆ. ‘ಕಾರ್ಯಕ್ಷಮತೆ ಹೆಚ್ಚಳಕ್ಕೆ ಮುಂದಾದ ಸಿದ್ಧ ಉಡುಪು ಕಂಪನಿ. ವೆಚ್ಚದ ಹೊರೆ ತಗ್ಗಿಸುವ ಸುಧಾರಣಾ ಕ್ರಮವಾಗಿ, ಬಾಶೆಟ್ಟಿಹಳ್ಳಿ ಘಟಕದ ನೌಕರರ ಸಾರಿಗೆ ವ್ಯವಸ್ಥೆಯನ್ನು ಮುಂದಿನ ತಿಂಗಳಿನಿಂದ ತರ್ಕಬದ್ಧಗೊಳಿಸಲಾಗುವುದು.’

“ತಾಳು ತಾಳು,” ಎಂದರು ರತ್ನಕ್ಕ. “ಅದು ನಮ್ಮ ಕಂಪನಿನೇ. ಅದೇನೋ ಗೊಳಿಸಲಾಗುವುದು ಅಂದ್ಯಲ್ಲ, ಹಂಗಂದ್ರೇನಪ್ಪಾ?”

“ತರ್ಕಬದ್ಧ ಅಂದ್ರೆ... ಲಾಜಿಕ್ ಪ್ರಕಾರ ಮಾಡೋದು ಅಕ್ಕ.”

“ಈಗ ಬರೋ ಬಸ್ಸು ಲಾಜಿಕ್ ಇಲ್ದೆ ಬರ್ತಿದ್ಯಾ? ಸರಿಯಾಗಿ ಹೇಳು. ಬಸ್ ಜಾಸ್ತಿ ಮಾಡ್ತಾರೋ, ಕಮ್ಮಿ ಮಾಡ್ತಾರೋ?”

ಅನುವಾದಿಸುವಾಗ ಈ ಪ್ರಶ್ನೆ ನನ್ನ ತಲೆಗೆ ಬಂದೇ ಇರಲಿಲ್ಲ. ಮೊಬೈಲ್‌ನಲ್ಲಿದ್ದ ಕಂಪನಿಯ ಇಂಗ್ಲಿಷ್ ಪ್ರಕಟಣೆಯನ್ನು ಮತ್ತೆ ತೆಗೆದು ನೋಡಿದೆ. ಕೊನೆಯ ಸಾಲಿನಲ್ಲಿ ಇತ್ತು: ತೂಬಗೆರೆ ಮತ್ತು ಸಾಸಲು ಮಾರ್ಗಗಳನ್ನು ಕೈಬಿಡಲಾಗುವುದು. ಜಾಗ ಸಾಲದೆಂದು ಆ ಸಾಲನ್ನು ನಾನೇ ಕತ್ತರಿಸಿದ್ದೆ!

ತಲೆ ತಗ್ಗಿಸಿ ಹೇಳಿದೆ. ಮೊದಲ ಶಿಫ್ಟಿನ ಹೊತ್ತಿಗೆ ಬಾಶೆಟ್ಟಿಹಳ್ಳಿ ಮುಟ್ಟಿಸುವ ಬೇರೆ ಬಸ್ಸು ನಮ್ಮೂರಿಗಿಲ್ಲ. ಬಸ್ಸು ಹೋಯಿತೆಂದರೆ ಕೆಲಸವೂ ಹೋದ ಹಾಗೆ.

“ಹೊರೆ ಅಂತ ಬರ್ದಿದ್ಯಲ್ಲ, ಅದು ನಾವೇನಾ?” ಎಂದರು ರತ್ನಕ್ಕ. ಸಿಟ್ಟಿನಿಂದ ಕೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ತಿಳಿದುಕೊಳ್ಳಲೆಂದೇ ಕೇಳಿದರು.

ಮರುದಿನ ಬೆಳಿಗ್ಗೆ ನೋಡುತ್ತೇನೆ, ಪೇಪರ್ ಮಡಚಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು ಕಂಪನಿ ಬಸ್ಸಿಗೆ ನಿಂತಿದ್ದಾರೆ. ರಜೆಯಲ್ಲವೇ ಎಂದೆ. “ಡಾಕ್ಟ್ರು ಓದ್ಬೇಡ ಅಂದವ್ರೆ, ಮಾತಾಡ್ಬೇಡ ಅಂದಿಲ್ಲ,” ಎಂದು ಹತ್ತಿಯೇಬಿಟ್ಟರು.

ಅಲ್ಲಿ ನಡೆದದ್ದನ್ನು ಸಂಜೆ ನಮ್ಮ ಜಗಲಿಯಲ್ಲಿ ಎರಡೂ ಪಾತ್ರ ಮಾಡಿ ತೋರಿಸಿದರು. ಊಟದ ವಿರಾಮದಲ್ಲಿ ತಮ್ಮ ಹೊಲಿಗೆ ಲೈನಿನ ಫಾತಿಮಾ ಮತ್ತು ಅದೇ ಬಸ್ಸಿಗೆ ಬರುವ ಇನ್ನೊಂದಷ್ಟು ಹೆಂಗಸರ ಜೊತೆ ಎಚ್.ಆರ್. ಮ್ಯಾನೇಜರ್ ಹತ್ತಿರ ಹೋದರಂತೆ. ಪೇಪರ್ ಮುಂದಿಟ್ಟು, “ಸಾರ್, ಇದನ್ನ ಒಂಚೂರು ಓದಿ ಹೇಳಿ,” ಎಂದರಂತೆ. ಪಾಪ, ಅವರು ‘ತರ್ಕ’ದವರೆಗೆ ಬಂದು ತಡವರಿಸಿದರು.

“ಇದು ನಮ್ಮ ಪದ ಅಲ್ಲಮ್ಮ, ಪೇಪರ್‌ನೋರು ಹಾಕಿರೋದು.”

“ಪೇಪರ್‌ನೋರು ನಮ್ಮ ಪಕ್ಕದ ಮನೆಯೋರೇ ಸಾರ್. ನೀವು ಕಳ್ಸಿದ್ದನ್ನೇ ಬರ್ದಿದೀನಿ ಅಂದ್ರು. ಬಸ್ ನಿಲ್ಸ್ತೀರಾ, ಇಲ್ವಾ?”

ಮ್ಯಾನೇಜರ್ ಒಪ್ಪಿಕೊಂಡರು. ಆಗ ಫಾತಿಮಾ ಕೇಳಿದ್ದು: “ಬಸ್ ನಿಂತ್ರೆ ನಮ್ಮ ಲೈನೇ ನಿಂತೋಗುತ್ತೆ ಸಾರ್. ಅದಕ್ಕೇನು ಪದ ಇಟ್ಟಿದೀರಾ?”

ಮ್ಯಾನೇಜರ್ ನಕ್ಕರಂತೆ. ಎಲ್ಲರನ್ನೂ ಕೂರಿಸಿ ಕಾಫಿ ತರಿಸಿ ಹೇಳಿದ್ದನ್ನೆಲ್ಲ ಬರೆದುಕೊಂಡರಂತೆ. ವಾರದೊಳಗೆ ನೋಟೀಸ್ ಬೋರ್ಡಿಗೆ ಚೀಟಿ ಬಿತ್ತು. ತೂಬಗೆರೆ, ಸಾಸಲು ಬಸ್ಸುಗಳು ಇರುತ್ತವೆ, ಮಧ್ಯಾಹ್ನ ಖಾಲಿ ಓಡುವ ಟ್ರಿಪ್ ಮಾತ್ರ ರದ್ದು. ಇದಲ್ಲವೇ ನಿಜವಾದ ತರ್ಕ?

ಪ್ರಾಯಶ್ಚಿತ್ತವೆಂದು ಆ ಸುದ್ದಿಯನ್ನೂ ನಾನೇ ಬರೆದೆ. ಕಳಿಸುವ ಮುಂಚೆ ರತ್ನಕ್ಕನಿಗೆ ಹೆಡ್‌ಲೈನ್ ಓದಿದೆ. ‘ಕಾರ್ಮಿಕರ ಒತ್ತಡಕ್ಕೆ ಮಣಿದ ಆಡಳಿತ ಮಂಡಳಿ.’

“ಒತ್ತಡ ಎಲ್ಲಪ್ಪಾ ಹಾಕಿದ್ವಿ? ಕೇಳಿದ್ವಿ, ಒಪ್ಪಿದ್ರು. ಕಾಫಿನೂ ಅವ್ರೇ ಕೊಡ್ಸಿದ್ರು!”

ನನ್ನ ಬೆರಳುಗಳಿಗೆ ಇದನ್ನು ಯಾರು ಕಲಿಸಿದರು? ಸತ್ಯವಾಗಿ ಹೇಳುತ್ತೇನೆ, ಯಾವ ಕಂಪನಿಯವರೂ ನನಗೆ ಫೋನ್ ಮಾಡಿಲ್ಲ, ಯಾವ ಸಂಪಾದಕರೂ ಹೀಗೇ ಬರೆ ಎಂದಿಲ್ಲ. ಆದರೂ ಕಂಪನಿಗೆ ತೆರಿಗೆ ಬಿಟ್ಟರೆ ‘ಉತ್ತೇಜನ’ ಎಂದೂ, ರತ್ನಕ್ಕನಿಗೆ ಅಕ್ಕಿ ಕೊಟ್ಟರೆ ‘ಉಚಿತ ಕೊಡುಗೆ’ ಎಂದೂ ಕೈ ತಾನೇ ಟೈಪ್ ಮಾಡುತ್ತದೆ. ಕಂಪನಿ ಕೇಳಿದರೆ ‘ಸಲಹೆ’, ಹೆಂಗಸರು ಕೇಳಿದರೆ ‘ಒತ್ತಡ’. ಇಷ್ಟು ವರ್ಷ ನಾನು ಯಾವ ಪಕ್ಷಕ್ಕೂ ಸೇರದ ಪತ್ರಕರ್ತ ಎಂದುಕೊಂಡು ಹಾಯಾಗಿದ್ದೆ. ನನ್ನ ಪದಗಳು ಯಾವಾಗಲೋ ಮೆಂಬರ್‌ಶಿಪ್ ತೆಗೆದುಕೊಂಡುಬಿಟ್ಟಿದ್ದವು!

ಕೊನೆಗೆ ‘ಬಸ್ ಬೇಕೆಂದ ಮಹಿಳೆಯರು, ಒಪ್ಪಿದ ಕಂಪನಿ’ ಎಂದು ಹಾಕಿದೆ. ಡೆಸ್ಕಿನ ಗೆಳೆಯ, “ಪಂಚ್ ಇಲ್ಲ ಗುರು,” ಎಂದ. ಆದರೂ ಹಾಗೇ ಬಿಟ್ಟ. ಒಳಪುಟದಲ್ಲಿ, ಮೂಲೆಯಲ್ಲಿ ಬಂತು.

ರತ್ನಕ್ಕನ ಕಪ್ಪು ಕನ್ನಡಕ ಈಗ ಹೋಗಿದೆ. ಪೇಪರನ್ನು ತಾವೇ ಓದುತ್ತಾರೆ. ಮೊನ್ನೆ ಕಾಂಪೌಂಡ್ ಮೇಲಿಂದ ಮುಖಪುಟ ತೋರಿಸಿ ಕರೆದರು. ‘ಷೇರುಪೇಟೆಗೆ ತೀವ್ರ ನಿರಾಸೆ’ ಎಂದು ದಪ್ಪಕ್ಷರದಲ್ಲಿತ್ತು.

“ಪೇಟೆಗೆ ಬೇಜಾರಾದ್ರೆ ಮೊದಲನೇ ಪೇಜು,” ಎಂದರು. “ನಮಗೆ ಬೇಜಾರಾದ್ರೆ ಎಷ್ಟನೇ ಪೇಜಪ್ಪಾ?”